ಹಾವು ಸತ್ತ ಇಲಿಯನ್ನು ತಿನ್ನುವುದೇ?

ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಾಡಿನಲ್ಲಿ ಬೆಳೆದವರು ನಾವು. ಹಾವಿಗೆ ಹಾಲು ಆಹಾರವಲ್ಲವೆಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಹಾವು ಓಡಾಡುವ ಜೀವಿಯನ್ನಲ್ಲದೆ ಬೇರೇನನ್ನೂ ಮುಟ್ಟದು ಎಂಬ ಊಹೆಯನ್ನು ನಮ್ಮಲ್ಲಿ ಅನೇಕರು ಪರೀಕ್ಷಿಸದೆಯೇ ಒಪ್ಪಿಕೊಂಡಿರುತ್ತೇವೆ. ಈ ಊಹೆ ಎಷ್ಟರಮಟ್ಟಿಗೆ ನಿಜ? ಪಾಶ್ಚಾತ್ಯ ದೇಶಗಳ ಸಾವಿರಾರು ಮನೆಗಳಲ್ಲಿ ಇದು ಪ್ರತಿ ವಾರವೂ ಎದುರಾಗುವ ಪ್ರಶ್ನೆಯಾಗಿದೆ.

ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಹಾವನ್ನು ನಾಯಿ ಬೆಕ್ಕುಗಳಂತೆ ಸಾಕುವವರುಂಟು. ಪಶ್ಚಿಮ ಆಫ್ರಿಕದಿಂದ ಬಂದ ರಾಯಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು ಮತ್ತು ಅಮೆರಿಕದ್ದೇ ಆದ ಕಾರ್ನ್ ಹಾವು ಅವರಿಗೆ ಬಲು ಅಚ್ಚುಮೆಚ್ಚು. ಇದನ್ನೋದಿ ಯಾರೂ ಹಿತ್ತಿಲ ಕೇರೆಹಾವಿನ ಬೆನ್ನುಹತ್ತಬಾರದು. ನಮ್ಮ ದೇಶದ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇರಲಿ. ಬೆಳೆದ ಸಾಕುಹಾವಿಗೆ ವಾರಕ್ಕೋ ಎರಡು ವಾರಕ್ಕೋ ಒಂದು ಇಲಿ ಸಾಕು. ಆ ಇಲಿಯನ್ನು ಜೀವಂತವಾಗಿ ಪೆಟ್ಟಿಗೆಯೊಳಕ್ಕೆ ಬಿಡಬೇಕೆ, ಅಥವಾ ಮೊದಲೇ ಕೊಂದು ಹೆಪ್ಪುಗಟ್ಟಿಸಿ ಅಂಗಡಿಯಲ್ಲಿ ಮಾರುವುದನ್ನು ತಂದು ಕೊಡಬೇಕೆ? ಸಾಕುವವರಲ್ಲಿ ಈ ವಿಷಯವಾಗಿ ಬಹುಕಾಲದಿಂದ ವಾದ ನಡೆದಿದೆ.

ಇದಕ್ಕೆ ಉತ್ತರ ಕಾಣಬೇಕಾದರೆ ಹಾವು ತನ್ನ ಬೇಟೆಯನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಹಾವಿನ ಸೀಳುನಾಲಗೆ ಗಾಳಿಯಲ್ಲಿಯೂ ನೆಲದ ಮೇಲೆಯೂ ಇರುವ ವಾಸನೆಯ ಕಣಗಳನ್ನು ಸಂಗ್ರಹಿಸಿ ಬಾಯೊಳಕ್ಕೆ ಒಯ್ಯುತ್ತದೆ. ಅಲ್ಲಿ ಅಂಗುಳಿನ ಮೇಲ್ಗಡೆಯಿರುವ ಜೇಕಬ್ಸನ್ನನ ಅಂಗವು ಅವುಗಳನ್ನು ಪರಿಶೀಲಿಸಿ ‘ಇದು ಇಲಿ’ ಎಂದು ನಿರ್ಧರಿಸುತ್ತದೆ. ಹೆಬ್ಬಾವುಗಳಿಗೆ ಇನ್ನೊಂದು ಸಾಧನವೂ ಉಂಟು. ಅವುಗಳ ತುಟಿಯಂಚಿನಲ್ಲಿ ಸಾಲಾಗಿರುವ ಕುಳಿಗಳು ಬಿಸಿರಕ್ತದ ಪ್ರಾಣಿಯ ಮೈಯಿಂದ ಹೊರಡುವ ಅವಕೆಂಪು ಕಿರಣಗಳನ್ನು ಗ್ರಹಿಸುತ್ತವೆ. 1937ರಲ್ಲಿ ಅಮೆರಿಕದ ನೋಬಲ್ ಮತ್ತು ಷ್ಮಿಟ್ ಎಂಬ ವಿಜ್ಞಾನಿಗಳು ಕುಳಿಗಳುಳ್ಳ ಹಾವುಗಳಿಗೆ ಕಣ್ಣು ಕಾಣದಂತೆ ಮಾಡಿ, ಬಟ್ಟೆ ಸುತ್ತಿದ ವಿದ್ಯುದ್ದೀಪದ ಬುರುಡೆಗಳನ್ನು ಅವುಗಳ ಮುಂದೆ ಹಿಡಿದರು. ಬುರುಡೆಗಳಲ್ಲಿ ಕೆಲವು ತಣ್ಣಗಿದ್ದವು, ಕೆಲವು ಬೆಚ್ಚಗಿದ್ದವು. ಹಾವುಗಳು ಬೆಚ್ಚಗಿನ ಬುರುಡೆಯನ್ನು ಗುರುತಿಸಿ ಅದರ ಮೇಲೆರಗಿದವು! ಗಾಜಿನ ಬುರುಡೆಗೆ ಜೀವವೆಲ್ಲಿಯದು? ಹಾವಿಗೆ ಬೇಕಾದುದು ವಾಸನೆ, ಬಿಸುಪು ಮತ್ತು ತುಸು ಚಲನೆ. ಈ ಮೂರೂ ಕೂಡಿದರೆ ಅದರ ಪಾಲಿಗೆ ಬೇಟೆ ಸಿಕ್ಕಿದಂತೆಯೇ.

ಇನ್ನೂ ಸೋಜಿಗದ ಪ್ರಯೋಗವೊಂದನ್ನು ಸ್ಕಾಟ್ ಬೋಬ್ಯಾಕ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಅವರು ಸತ್ತ ಇಲಿಗಳನ್ನು ಬೆಚ್ಚಗೆ ಮಾಡಿ, ಒಳಗೆ ಹೃದಯದಂತೆ ಮಿಡಿಯುವ ಕೃತಕ ಸಾಧನವನ್ನಿರಿಸಿ, ಬೋವಾ ಹಾವುಗಳಿಗೆ ಕೊಟ್ಟರು. ಮಿಡಿತವಿದ್ದ ಇಲಿಯನ್ನು ಹಾವುಗಳು ಹೆಚ್ಚು ಹೊತ್ತು ಸುತ್ತಿ ಬಿಗಿದವು. ಮಿಡಿತವಿಲ್ಲದ್ದನ್ನು ಬೇಗನೆ ಸಡಿಲಿಸಿದವು. ಹುಟ್ಟಿದಂದಿನಿಂದ ಜೀವಂತ ಇಲಿಯನ್ನೇ ಕಾಣದಿದ್ದ ಹಾವುಗಳೂ ಈ ಮಿಡಿತಕ್ಕೆ ಸ್ಪಂದಿಸಿದವು. ಬೇಟೆ ಬದುಕಿದೆಯೋ ಇಲ್ಲವೋ ಎಂಬುದು ಹಾವಿಗೆ ತಿಳಿಯುವುದಿಲ್ಲವೆಂದು ನಾವು ಹೇಳುವಂತಿಲ್ಲ. ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಆ ತಿಳಿವು ಎಷ್ಟು ಹೊತ್ತು ಬಿಗಿಯಬೇಕೆಂಬುದನ್ನು ನಿರ್ಣಯಿಸುತ್ತದೆಯೇ ಹೊರತು ತಿನ್ನಬೇಕೆ ಬೇಡವೆ ಎಂಬುದನ್ನಲ್ಲ.

ಕಾಡಿನಲ್ಲಿಯೂ ಹಾವಿಗೆ ಸತ್ತ ಆಹಾರ ಅಪರಿಚಿತವೇನಲ್ಲ. ಮಂಡಲದ ಹಾವುಗಳ ಕುಲದಲ್ಲಿ ಅನೇಕವು ಇಲಿಯನ್ನು ಕಚ್ಚಿ ಒಡನೆಯೇ ಬಿಟ್ಟುಬಿಡುತ್ತವೆ. ವಿಷವೇರಿದ ಇಲಿ ಓಡಿಹೋಗಿ ಎಲ್ಲಿಯೋ ಸಾಯುತ್ತದೆ. ಹಾವು ನಿಧಾನವಾಗಿ ನಾಲಗೆ ಚಾಚುತ್ತ ವಾಸನೆಯ ಜಾಡು ಹಿಡಿದು ಹೋಗಿ ಅದನ್ನು ನುಂಗುತ್ತದೆ. ತಾವು ಕೊಲ್ಲದೆ ಬಿದ್ದಿರುವ ಹೆಣವನ್ನು ತಿಂದ ಹಾವುಗಳೂ ಉಂಟು. 2002ರಲ್ಲಿ ಡಿವಾಲ್ಟ್ ಮತ್ತು ಕ್ರೋಕ್‌ಮಲ್ ಎಂಬ ಇಬ್ಬರು ಇಂತಹ ವರದಿಗಳನ್ನೆಲ್ಲ ಒಟ್ಟುಗೂಡಿಸಿ, ಈ ಅಭ್ಯಾಸ ತಜ್ಞರು ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ತೋರಿಸಿದರು.

ಹಾಗಾದರೆ ಜೀವಂತ ಇಲಿಯನ್ನು ಕೊಡುವುದರಿಂದ ಆಗುವ ಕೇಡೇನು? ಕೇಡು ಹಾವಿಗೂ ಉಂಟು, ಇಲಿಗೂ ಉಂಟು. ಬೋನಿಗೆ ಬಿದ್ದ ಇಲಿ ರಾತ್ರಿಯೆಲ್ಲ ಹಲಗೆಯನ್ನು ಕೊರೆಯುವುದನ್ನು ಕೇಳಿದವರಿಗೆ ಅದರ ಬಾಚಿಹಲ್ಲಿನ ಹರಿತವನ್ನು ಬೇರೆ ಹೇಳಬೇಕಾಗಿಲ್ಲ. ಬಯಲಿನಲ್ಲಿ ಹಾವಿಗೆ ಹಸಿವಿಲ್ಲದಿದ್ದರೆ ಇಲಿ ತನ್ನ ದಾರಿ ಹಿಡಿದು ಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಹೋಗಲು ದಾರಿಯೇ ಇಲ್ಲ. ಪೊರೆ ಬಿಡುವ ಕಾಲದಲ್ಲಿ ಹಾವಿನ ಕಣ್ಣು ಮಂಜಾಗಿರುತ್ತದೆ. ಚಳಿಯಲ್ಲಿ ಅದರ ಮೈ ಜಡವಾಗಿರುತ್ತದೆ. ಇಂತಹ ಹೊತ್ತಿನಲ್ಲಿ ಇಲಿಯನ್ನು ಒಳಗೆ ಬಿಟ್ಟು ಯಜಮಾನನು ಮಲಗಲು ಹೋದನೆನ್ನಿ. ಹಸಿದ ಇಲಿ ಹಾವಿನ ಬೆನ್ನನ್ನೇ ಕಡಿಯತೊಡಗುತ್ತದೆ. ಬೆನ್ನೆಲುಬು ಕಾಣುವಷ್ಟು ಕಡಿಸಿಕೊಂಡ ಹಾವುಗಳನ್ನೂ ಕಣ್ಣು ಕಳೆದುಕೊಂಡವನ್ನೂ ಪಶುವೈದ್ಯರು ಕಂಡಿದ್ದಾರೆ. ಬೇಟೆಗಾರನೇ ಬೇಟೆಯಾಗುವ ಈ ದುರವಸ್ಥೆ ಪೆಟ್ಟಿಗೆಯ ಸೃಷ್ಟಿ, ನಿಸರ್ಗದ್ದಲ್ಲ.

ಇಲಿಯ ಪಕ್ಷವನ್ನೂ ನಾವು ಕೇಳಬೇಕು. ಹಾವು ಸರಿಯಾಗಿ ಹಿಡಿದರೆ ಸಾವು ಬೇಗನೆ ಬರುತ್ತದೆ. ಅರಿವಳಿಕೆ ಕೊಟ್ಟ ಇಲಿಗಳ ಮೇಲೆ ಬೋಬ್ಯಾಕ್ ಅವರ ತಂಡ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಬೋವಾ ಸುತ್ತಿಕೊಂಡ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತಪರಿಚಲನೆ ಕುಸಿಯುತ್ತದೆ. ಉಸಿರುಕಟ್ಟಿ ಸಾಯುತ್ತದೆಂಬ ಹಳೆಯ ವಿವರಣೆ ಇದರಿಂದ ಬಿದ್ದುಹೋಯಿತು. ಆದರೆ ಹಾವು ಯಾವಾಗಲೂ ಸರಿಯಾಗಿ ಹಿಡಿಯುತ್ತದೆಯೆ? ಹಿಡಿಯುವ ಮುನ್ನ ಮೂಲೆಯಲ್ಲಿ ಮುದುಡಿ ಕುಳಿತ ಇಲಿಯ ಭೀತಿಗೆ ಲೆಕ್ಕವುಂಟೆ? ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2006ರ ಪ್ರಾಣಿಕಲ್ಯಾಣ ಕಾಯಿದೆ ಜೀವಂತ ಇಲಿಯನ್ನುಣಿಸುವುದನ್ನು ಹೆಸರಿಸಿ ನಿಷೇಧಿಸಿಲ್ಲ. ಆದರೆ ಮನುಷ್ಯನ ವಶದಲ್ಲಿರುವ ಬೆನ್ನೆಲುಬುಳ್ಳ ಪ್ರಾಣಿಗೆ ಅನಗತ್ಯವಾಗಿ ನೋವುಂಟುಮಾಡುವುದು ಅದರನ್ವಯ ಅಪರಾಧ. ಇಲಿಯೂ ಬೆನ್ನೆಲುಬುಳ್ಳ ಪ್ರಾಣಿಯೇ.

ಇಷ್ಟಾದರೂ ಎದುರುವಾದಿಗಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೆಲವು ಹಾವುಗಳು ಸತ್ತ ಇಲಿಯನ್ನು ಕಣ್ಣೆತ್ತಿಯೂ ನೋಡವು. ರಾಯಲ್ ಪೈಥಾನ್ ಈ ವಿಷಯದಲ್ಲಿ ಹೆಸರುವಾಸಿ; ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಅನುಭವವಿಲ್ಲದ ಯಜಮಾನನು ಇದರಿಂದ ಗಾಬರಿಗೊಂಡು ಜೀವಂತ ಇಲಿಯನ್ನು ತರಲು ಓಡುತ್ತಾನೆ. ಓಡಬೇಕಾಗಿಲ್ಲ. ವಾರಕ್ಕೊಮ್ಮೆ ಹಾವನ್ನು ತೂಗಿ ನೋಡುವುದು ಲೇಸು. ತೂಕ ಇಳಿಯದೆ, ಮೈ ಗಟ್ಟಿಯಾಗಿದ್ದರೆ ಕಾಯಬಹುದು. ಈ ನಡುವೆ ಉಪಾಯಗಳನ್ನು ಮಾಡಬೇಕು. ಇಲಿಯನ್ನು ಅದರ ಸಹಜವಾದ ಬಿಸುಪಿಗೆ ಬರುವಂತೆ ಬೆಚ್ಚಗೆ ಮಾಡಿ, ಕತ್ತಲಾದ ಮೇಲೆ ಉದ್ದನೆಯ ಚಿಮಟದಲ್ಲಿ ಹಿಡಿದು, ನಡೆಯುತ್ತಿರುವಂತೆ ಮೆಲ್ಲನೆ ಅಲುಗಿಸಿದರೆ ಹಠ ಹಿಡಿದ ಹಾವೂ ಹಲವು ವೇಳೆ ಮೋಸಹೋಗುತ್ತದೆ. ವಾಸನೆಯನ್ನು ಬದಲಾಯಿಸುವುದು ಮತ್ತೊಂದು ಉಪಾಯ. ನಮ್ಮ ಮಲೆನಾಡಿನ ಕಾಳಿಂಗಸರ್ಪಕ್ಕೆ ಇತರ ಹಾವುಗಳೇ ಆಹಾರವಷ್ಟೆ; ಮೃಗಾಲಯಗಳಲ್ಲಿ ಹಾವಿನ ವಾಸನೆಯನ್ನು ಇಲಿಗೆ ಲೇಪಿಸಿ ಅದನ್ನೂ ಒಲಿಸಿಕೊಂಡವರಿದ್ದಾರೆ. ಎಲ್ಲವೂ ವಿಫಲವಾಗಿ ಹಾವು ನಿಜವಾಗಿ ಕೃಶವಾಗತೊಡಗಿದರೆ, ಮೊದಲು ಪಶುವೈದ್ಯರಿಗೆ ತೋರಿಸಬೇಕು. ರೋಗವಿಲ್ಲವೆಂದಾದರೆ ಆಗಷ್ಟೇ ಕೊಂದ ಇಲಿಯನ್ನೂ, ಅದಕ್ಕೂ ಒಪ್ಪದಿದ್ದರೆ ಜೀವಂತ ಮರಿಯನ್ನೂ ಕೊಡುವುದು ತಪ್ಪೆಂದು ನಮಗೆ ತೋರದು. ಆದರೆ ಹಾಗೆ ಕೊಟ್ಟವನು ಅಲ್ಲಿಂದ ಕದಲಬಾರದು. ಹಾವು ಸ್ವಲ್ಪ ಹೊತ್ತಿನಲ್ಲಿ ಹಿಡಿಯದಿದ್ದರೆ ಇಲಿಯನ್ನು ಹೊರತೆಗೆಯಬೇಕು.

ಹೆಪ್ಪುಗಟ್ಟಿಸಿದ ಇಲಿಯಲ್ಲಿಯೂ ಎಚ್ಚರಿಕೆ ಬೇಕು. ಹಿಂದಿನ ರಾತ್ರಿಯೇ ಚೀಲದ ಸಮೇತ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಿ, ಅನಂತರ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡುವುದು ಸರಿಯಾದ ಕ್ರಮ. ಒಳಗೆ ಮಂಜು ಉಳಿದಿದ್ದರೆ ಹಾವು ನುಂಗಿದ್ದನ್ನು ಕಾರಿಕೊಳ್ಳಬಹುದು. ಮೈಕ್ರೋವೇವ್ ಒಲೆಯಲ್ಲಿ ಇಟ್ಟರೆ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿರುತ್ತದೆ. ಒಮ್ಮೊಮ್ಮೆ ಸಿಡಿಯುವುದೂ ಉಂಟು. ಶೀತವು ಇಲಿಯ ಮೈಯಲ್ಲಿನ ಅನೇಕ ಪರೋಪಜೀವಿಗಳನ್ನು ಕೊಲ್ಲುತ್ತದೆ, ಆದರೆ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವನ್ನು ಕೊಲ್ಲಲಾರದು. 2010ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಹಾವುಗಳಿಗೆಂದು ಮಾರಿದ ಇಂತಹ ಇಲಿಗಳ ಮೂಲಕವೇ ಸಾಲ್ಮೊನೆಲ್ಲ ಸೋಂಕು ಹರಡಿತು. ಕಾಯಿಲೆ ಬಿದ್ದವರಲ್ಲಿ ಮಕ್ಕಳು ಬಹಳವಿದ್ದರು. ಆದುದರಿಂದ ಹಾವಿನ ಊಟವನ್ನು ಮನೆಮಂದಿಯ ಊಟದಿಂದ ಬೇರೆಯಾಗಿಡಬೇಕು, ಅಡುಗೆಯ ಪಾತ್ರೆಗಳಲ್ಲಿ ಅದನ್ನು ಕರಗಿಸಬಾರದು, ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು.