ಮೂಲವ್ಯಾಧಿಯ ಶಸ್ತ್ರಕ್ರಿಯೆ: ನೋವು ಎಲ್ಲಿ, ಏಕೆ?

ಮೂಲವ್ಯಾಧಿಯ ಮಾತನ್ನು ನಾಲ್ವರ ಮುಂದೆ ಆಡಲು ನಾಚದವರು ವಿರಳ. ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ಅದನ್ನು ವರ್ಷಗಟ್ಟಲೆ ಬಚ್ಚಿಟ್ಟಿದ್ದು, ಶಸ್ತ್ರಕ್ರಿಯೆಯೇ ಆಗಬೇಕೆಂದು ವೈದ್ಯರು ಹೇಳಿದಾಗ ಕಂಗೆಟ್ಟು ಬಂದರು. "ಹೊಸ ವಿಧಾನದಲ್ಲಿ ನೋವೇ ಇಲ್ಲವಂತೆ, ನಿಜವೇ?" ಎಂಬುದು ಅವರ ಪ್ರಶ್ನೆ. ಭೌತಶಾಸ್ತ್ರ ಬೋಧಿಸುವ ನಾವು ಈ ವಿಷಯದಲ್ಲಿ ಅಧಿಕಾರಿಗಳಲ್ಲ. ಓದಿ ತಿಳಿದುದನ್ನಷ್ಟೇ ಇಲ್ಲಿ ನಿವೇದಿಸುತ್ತೇವೆ.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ಪ್ರತಿಯೊಬ್ಬರಲ್ಲಿಯೂ ಉಂಟು. ದ್ವಾರವು ಬಿಗಿಯಾಗಿ ಮುಚ್ಚಿಕೊಳ್ಳಲು ಅವು ನೆರವಾಗುತ್ತವೆ. ಮಲಬದ್ಧತೆಯಿಂದ ದಿನವೂ ತಿಣುಕುವವರಲ್ಲಿ ಒತ್ತಡವೇರಿ ಮೆತ್ತೆಗಳು ಊದುತ್ತವೆ. ಅವನ್ನು ಹಿಡಿದಿರುವ ತಂತುಗಳು ಸಡಿಲಗೊಂಡಂತೆ ಕೆಳಕ್ಕೆ ಜಾರುತ್ತವೆ. ಇದೇ ಮೂಲವ್ಯಾಧಿ.

ಹೊರಬಾಯಿಯಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ, ಗರಗಸದ ಅಂಚಿನಂತಹ ಗೆರೆಯೊಂದಿದೆ. ಗೆರೆಯ ಕೆಳಗಣ ಚರ್ಮವು ನೋವನ್ನು ಬಹು ತೀಕ್ಷ್ಣವಾಗಿ ಅರಿಯುತ್ತದೆ. ಮೇಲಣ ಒಳಪೊರೆಗೆ ಕತ್ತರಿಯ ನೋವು ಅಷ್ಟಾಗಿ ತಿಳಿಯದು. ಗಾಯವು ಈ ಗೆರೆಯ ಯಾವ ಪಕ್ಕಕ್ಕೆ ಬೀಳುತ್ತದೆಂಬುದೇ ನಮ್ಮ ಮಿತ್ರರ ಪ್ರಶ್ನೆಯ ತಿರುಳು.

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವರ್ಣಿಸಿದ ವಿಧಾನದಲ್ಲಿ ಮೊಳಕೆಗಳನ್ನು ಬುಡಸಹಿತ ಕೊಯ್ದು ತೆಗೆದು, ಗಾಯವನ್ನು ಹೊಲಿಯದೆ ಬಿಡುತ್ತಾರೆ. ಗಾಯದ ಬಹುಭಾಗ ಗೆರೆಯ ಕೆಳಗೆ. ಆದುದರಿಂದ ಮೊದಲ ಮಲವಿಸರ್ಜನೆಯೆಂದರೆ ರೋಗಿಗೆ ನಡುಕ. ಗಾಯ ಮಾಯಲು ನಾಲ್ಕರಿಂದ ಆರು ವಾರಗಳು ಬೇಕಾಗುವುದುಂಟು. ಅಮೆರಿಕದ ಫರ್ಗುಸನ್‌ರು ಇದೇ ಗಾಯವನ್ನು ಹೊಲಿದು ಮುಚ್ಚಿದರು. ಮಾಯುವುದು ತುಸು ಬೇಗ.

ಇಟಲಿಯ ಲಾಂಗೊ 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಮೆತ್ತೆಗಳನ್ನು ಕೊಯ್ಯುವುದಿಲ್ಲ. ಗೆರೆಯಿಂದ ಸಾಕಷ್ಟು ಮೇಲೆ ಒಳಪೊರೆಯ ಒಂದು ಉಂಗುರವನ್ನು ಯಂತ್ರದಿಂದ ಕತ್ತರಿಸಿ, ಅಂಚುಗಳನ್ನು ಲೋಹದ ಸಣ್ಣ ಪಿನ್ನುಗಳಿಂದ ಜೋಡಿಸುತ್ತಾರೆ. ಜಾರಿದ ಮೆತ್ತೆಗಳು ಲಾಡಿ ಬಿಗಿದಂತೆ ಮೇಲಕ್ಕೆ ಸರಿಯುತ್ತವೆ. ನೋವು ಕಡಿಮೆಯೆಂಬುದು ನಿಜ. ನೋವೇ ಇಲ್ಲವೆಂಬುದು ಜಾಹೀರಾತಿನ ಮಾತು.

ಆದರೆ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಬ್ರಿಟನ್ನಿನಲ್ಲಿ 777 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮೊದಲ ಕೆಲವು ವಾರಗಳಲ್ಲಿ ಯಂತ್ರದ ಗುಂಪಿನವರಿಗೇ ಸುಖ. ಆರನೆಯ ವಾರದ ವೇಳೆಗೆ ನೋವಿನಲ್ಲಿ ಎರಡೂ ಗುಂಪು ಸಮ. ಎರಡು ವರ್ಷಗಳ ತರುವಾಯವೋ, ರೋಗ ಮರುಕಳಿಸಿತೆಂದವರು ಯಂತ್ರದ ಗುಂಪಿನಲ್ಲಿ ನೂರಕ್ಕೆ 42, ಕೊಯ್ದ ಗುಂಪಿನಲ್ಲಿ 25.

ಸಣ್ಣ ಮೊಳಕೆಗಳಿಗೆ ಇವೆರಡೂ ಬೇಡ; ಗೆರೆಯ ಮೇಲುಗಡೆ ಬುಡಕ್ಕೆ ರಬ್ಬರ್ ಉಂಗುರ ತೊಡಿಸಿದರೆ ಅವು ಕೆಲವು ದಿನಗಳಲ್ಲಿ ಒಣಗಿ ಉದುರುತ್ತವೆ. ನಮ್ಮ ಮಿತ್ರರು ನಾಚದೆ ಮೊದಲೇ ಹೋಗಿದ್ದರೆ ಅಷ್ಟೇ ಸಾಕಾಗುತ್ತಿತ್ತೇನೋ! ರಕ್ತ ಬಿದ್ದಾಗಲೆಲ್ಲ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸುವುದೂ ಅಪಾಯ. ಕರುಳಿನ ಕ್ಯಾನ್ಸರಿನಲ್ಲಿಯೂ ರಕ್ತ ಬೀಳುತ್ತದೆ.

ಅವರು ಲೆಕ್ಕ ಹಾಕಿ ಹಳೆಯ ವಿಧಾನವನ್ನೇ ಆರಿಸಿದರು. ಸೊಪ್ಪು, ಹಣ್ಣು, ಧಾರಾಳವಾಗಿ ನೀರು, ಮಲ ಮೆದುವಾಗಲು ಔಷಧ, ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಕುಳಿತುಕೊಳ್ಳುವುದು: ಮೊದಲ ಪಕ್ಷವೆಲ್ಲ ಇದೇ ದಿನಚರಿ. ಮೂರನೆಯ ವಾರ ತರಗತಿಗೆ ಬಂದು ನಿಂತು ಪಾಠ ಮಾಡಿದರು. ಅಧ್ಯಾಪಕರ ಕೊಠಡಿಯ ಮರದ ಕುರ್ಚಿಯ ಮೇಲೆ ಕುಳಿತುದು ಮಾತ್ರ ಇನ್ನೂ ಎರಡು ವಾರಗಳ ಮೇಲೆ.