ಪಂದ್ಯದ ಕಾರುಗಳ ಡಿಜಿಟಲ್ ಚಿತ್ರಗಳು: ಇತಿಹಾಸದ ಆಧಾರವಾಗಿ

ರೇಸಿನ ಹಳೆಯ ಕಾರುಗಳನ್ನು ಕಂಪ್ಯೂಟರಿನಲ್ಲಿ ಚಿತ್ರಿಸಿ, ಅವುಗಳಿಗೆ ಅಗಲವಾದ ಚಕ್ರ, ತಗ್ಗಿಸಿದ ಒಡಲು, ಹೊಸ ಬಣ್ಣಗಳನ್ನು ಕೊಡುವ ಹವ್ಯಾಸವು ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕಂಡುಬರುತ್ತಿದೆ. ಇಂತಹ ಚಿತ್ರವನ್ನು ಇತಿಹಾಸದ ಅಭ್ಯಾಸಿಯು ಯಾವ ಮಟ್ಟಿಗೆ ಆಧಾರವೆಂದು ಸ್ವೀಕರಿಸಬಹುದೆಂಬುದನ್ನು ಬೆಂಗಳೂರಿನಲ್ಲಿಯೇ ತಯಾರಾದ ಒಂದು ಕಾರಿನ ನಿದರ್ಶನದಿಂದ ಇಲ್ಲಿ ವಿವೇಚಿಸುತ್ತೇವೆ.

ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆಯು 1982ರಲ್ಲಿ ಹೊರತಂದ ಡಾಲ್ಫಿನ್ ಆ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮಾತೃಕೆ. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಪಕ್ಕಕ್ಕೆ ಒಂದೊಂದೇ ಬಾಗಿಲು, ಫೈಬರ್‌ಗ್ಲಾಸಿನ ಮೈ. 1983ರಲ್ಲಿ ಮಾರುತಿ 800 ಬಂದ ಮೇಲೆ ಪೇಟೆಯಲ್ಲಿ ಅದಕ್ಕೆ ಹೆಚ್ಚಿನ ಎಡೆ ಉಳಿಯಲಿಲ್ಲ. ಆದರೆ ಹಗುರವಾಗಿದ್ದುದರಿಂದ ಪಂದ್ಯದವರಿಗೆ ಅದು ಮೆಚ್ಚುಗೆಯಾಯಿತು. ಮದರಾಸಿನ ಸಮೀಪದ ಶೋಲಾವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಡಾಲ್ಫಿನ್ ಓಡಿತು. ತಗಡಿನ ಮೈಯನ್ನು ಬಡಿದು ತಿದ್ದಬೇಕು. ಫೈಬರ್‌ಗ್ಲಾಸನ್ನಾದರೋ ಕೊಯ್ದು, ರಾಳದಲ್ಲಿ ನೆನೆಸಿದ ಗಾಜಿನೆಳೆಯ ಬಟ್ಟೆಯನ್ನು ಹಾಸಿ, ಬೇಕಾದ ಆಕಾರಕ್ಕೆ ತರಬಹುದು. ಆದುದರಿಂದ ಪಂದ್ಯಕ್ಕಿಳಿದ ಒಂದು ಡಾಲ್ಫಿನ್ ಮತ್ತೊಂದರಂತೆ ಇರಬೇಕಾದುದಿಲ್ಲ. ಮಾರ್ಪಾಟಿಗಿರುವ ಈ ಅವಕಾಶವು ಚಿತ್ರಕಾರನಿಗೆ ಎಷ್ಟು ಅನುಕೂಲವೋ ಇತಿಹಾಸಕಾರನಿಗೆ ಅಷ್ಟೇ ತೊಡಕು.

ಡಿಜಿಟಲ್ ಚಿತ್ರದ ಸ್ವರೂಪವನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ದೊಡ್ಡಬಳ್ಳಾಪುರದ ನೇಕಾರ ಮನೆತನದ ವಿದ್ಯಾರ್ಥಿಯೊಬ್ಬನು, “ಇದು ನಮ್ಮ ಮನೆಯ ಗ್ರಾಫ್ ಕಾಗದವೇ ಅಲ್ಲವೆ, ಸಾರ್?” ಎಂದನು. ನಮ್ಮ ವಿವರಣೆಗಿಂತ ಅವನ ಮಾತು ಚೆನ್ನಾಗಿತ್ತು. ಸೆರಗಿನ ನವಿಲನ್ನು ಚೌಕಗಳ ಕಾಗದದ ಮೇಲೆ ಬರೆದು, ತುಂಬಿದ ಚೌಕಕ್ಕೆ ರಟ್ಟಿನಲ್ಲಿ ತೂತು ಕೊರೆದು, ಜಕಾರ್ಡಿನಿಂದ ಆಯಾ ಹಾಸಿನೆಳೆಯನ್ನು ಎತ್ತಿಸುವ ಕ್ರಮವು ಮಗ್ಗದ ಮನೆಗಳಿಗೆ ಪರಿಚಿತವಾದುದು. ಕಂಪ್ಯೂಟರಿನ ಪರದೆಯ ಚಿತ್ರವೂ ಚೌಕಗಳ ರಾಶಿಯೇ. ಪ್ರತಿಯೊಂದು ಚೌಕಕ್ಕೂ ಬಣ್ಣವನ್ನು ಸೂಚಿಸುವ ಸಂಖ್ಯೆಗಳುಂಟು. ಆದರೆ ನೇಯ್ದ ನವಿಲಿನ ಕೊಕ್ಕನ್ನು ಎಳೆ ಬಿಚ್ಚದೆ ತಿದ್ದಲಾಗದು. ಇಲ್ಲಿ ಸಂಖ್ಯೆ ಬದಲಾದರೆ ತಿದ್ದಿದ ಗುರುತೇ ಕಣ್ಣಿಗೆ ಕಾಣದೆ ಹೋಗಬಹುದು.

ಚಿತ್ರಕಾರನು ಅನೇಕ ವೇಳೆ ಛಾಯಾಚಿತ್ರವೊಂದನ್ನು ಅಡಿಯಲ್ಲಿಟ್ಟು, ಅದರ ಮೇಲೆ ರೇಖೆ, ಬಣ್ಣ, ನೆರಳುಗಳನ್ನು ಪದರ ಪದರವಾಗಿ ಬರೆಯುತ್ತಾನೆ. ಪದರಗಳುಳ್ಳ ಮೂಲ ಕಡತ ದೊರೆತಲ್ಲಿ ಛಾಯಾಚಿತ್ರದ ಅಂಶವಾವುದು, ಕಲ್ಪನೆಯಾವುದು ಎಂದು ಬೇರ್ಪಡಿಸುವುದು ಸುಲಭ; ಪದರಗಳನ್ನು ಒಂದುಗೂಡಿಸಿ ಹಂಚಿದ ಪ್ರತಿಯಲ್ಲಿ ಈ ಅನುಕೂಲವಿಲ್ಲ. ಶಾಸನದ ಕಲ್ಲನ್ನೋ ಅಚ್ಚನ್ನೋ ಕೇಳುವ ನಾವು ಚಿತ್ರದ ಮೂಲವನ್ನೇಕೆ ಕೇಳಬಾರದು?

ನಾವೇ ಎಡವಿದುದೂ ಉಂಟು. ಶೋಲಾವರದ ಡಾಲ್ಫಿನ್ ಎಂಬ ಹೆಸರಿನ ಸೊಗಸಾದ ಚಿತ್ರವೊಂದನ್ನು ಎರಡು ವರ್ಷ ಪಾಠದಲ್ಲಿ ತೋರಿಸಿದೆವು. ಅದರಲ್ಲಿ ಪಕ್ಕಕ್ಕೆ ಎರಡೆರಡು ಬಾಗಿಲುಗಳಿದ್ದುವು. ನಾಲ್ಕು ಬಾಗಿಲುಗಳ ಮೈ ಅದೇ ಸಂಸ್ಥೆಯ 1987ರ ಮಾಂಟಾನಾದ್ದು. ಚಿತ್ರವನ್ನು ಈಗಲೂ ತೋರಿಸುತ್ತೇವೆ. ಅಡಿಯಲ್ಲಿ ‘ಕಲ್ಪಿತ’ ಎಂದು ಬರೆದಿದ್ದೇವೆ.