ಗೋಡೆಗೆ ಕಾರ್ಟೂನು ಸರಿ, ಪೋರ್ಟ್‌ಫೋಲಿಯೋಗೆ?

ಕಣ್ಣಿರಬೇಕಾದ ಜಾಗದಲ್ಲಿ ಎರಡು ಇಂಟು ಗುರುತು. ಆ ಕಾರ್ಟೂನು ಮುಖವನ್ನು ನೀವೂ ಟೀಶರ್ಟ್ ಮೇಲಾದರೂ ನೋಡಿರುತ್ತೀರಿ. ಕಲಾವಿದನ ಹೆಸರು ಕಾಸ್. (ನಮ್ಮ ಕಾಸಿಗೂ ಅದಕ್ಕೂ ಸಂಬಂಧವಿಲ್ಲ, ನ್ಯೂಜೆರ್ಸಿಯಲ್ಲಿ ಹುಟ್ಟಿದ ಬ್ರಯಾನ್ ಡಾನೆಲಿ ತಾನೇ ಇಟ್ಟುಕೊಂಡ ಹೆಸರು.) ಆತನ ಸೀಮಿತ ಆವೃತ್ತಿಯ ಸ್ಕ್ರೀನ್‌ಪ್ರಿಂಟ್‌ನಲ್ಲಿ ಹಣ ಹಾಕಬಹುದೇ ಎಂದು ಪರಿಚಯದವರೊಬ್ಬರು ಕೇಳಿದ್ದರು.

ಆಸೆ ಹುಟ್ಟಿಸಿದ್ದು 2019ರ ಸುದ್ದಿ. ಸಿಂಪ್ಸನ್ಸ್ ಪಾತ್ರಗಳನ್ನು ಬಳಸಿದ ‘ದಿ ಕಾಸ್ ಆಲ್ಬಮ್’ ಹಾಂಗ್‌ಕಾಂಗ್‌ನ ಸದಬೀಸ್ ಹರಾಜಿನಲ್ಲಿ ಸುಮಾರು 1.48 ಕೋಟಿ ಅಮೆರಿಕನ್ ಡಾಲರಿಗೆ ಹೋಯಿತು. ಅಂದಾಜು ಬೆಲೆ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಆದರೆ ಅದು ಪೇಂಟಿಂಗ್, ಜಗತ್ತಿನಲ್ಲಿ ಒಂದೇ. ಪ್ರಿಂಟಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ 37/100 ಎಂದಿದ್ದರೆ ಇನ್ನೂ 99 ಇವೆ ಎಂದರ್ಥ. ಕಲಾವಿದನ ಪ್ರತಿಗಳು, ಅಂದರೆ ಎ.ಪಿ. ಗುರುತಿನವು, ಆ ಲೆಕ್ಕದ ಹೊರಗೆ. ಮುಂದಿನ ವರ್ಷ ಆತ ಇನ್ನೊಂದು ಸರಣಿ ತಂದರೆ ತಡೆಯುವವರಿಲ್ಲ. ಕಂಪನಿ ಹೊಸ ಷೇರು ಬಿಡುವುದಾದರೆ ನಮಗೆ ತಿಳಿಸಬೇಕು. ಇಲ್ಲಿ ಅಂಥ ನಿಯಮವಿಲ್ಲ.

ಈಗ ಒಂದು ಕಾಲ್ಪನಿಕ ಲೆಕ್ಕ. ಹರಾಜಿನಲ್ಲಿ 8,000 ಡಾಲರಿಗೆ ಸುತ್ತಿಗೆ ಬಿತ್ತು. ಖರೀದಿದಾರರ ಪ್ರೀಮಿಯಂ 25% ಎಂದಿಟ್ಟುಕೊಂಡರೆ ನಿಮ್ಮ ಕೈ ಬಿಡುವುದು 10,000. ಐದು ವರ್ಷದ ನಂತರ ಅದೇ ಪ್ರಿಂಟು 12,000ಕ್ಕೆ ಹೋಯಿತು, 50% ಏರಿಕೆ! ಮಾರುವವರ ಕಮಿಷನ್ 10% ಕಳೆದು ನಿಮಗೆ 10,800. ಲಾಭ 800. ಅಮೆರಿಕದಲ್ಲಿ ಕಲಾಕೃತಿ ‘ಕಲೆಕ್ಟಿಬಲ್’. ದೀರ್ಘಾವಧಿ ಲಾಭದ ಮೇಲೆ ಫೆಡರಲ್ ತೆರಿಗೆ 28%ವರೆಗೆ ಬರುತ್ತದೆ. ಅಷ್ಟೂ ಬಿದ್ದರೆ ಉಳಿಯುವುದು 576. ಫ್ರೇಮು, ವಿಮೆ, ಸೇಲ್ಸ್ ಟ್ಯಾಕ್ಸ್, ಪಾರ್ಸೆಲ್ ಖರ್ಚು ಇನ್ನೂ ಸೇರಿಸಿಲ್ಲ. ಅದೇ 10,000 ಇಂಡೆಕ್ಸ್ ಫಂಡಿನಲ್ಲಿದ್ದು 50% ಏರಿದ್ದರೆ, 15% ತೆರಿಗೆ ಕಟ್ಟಿಯೂ 4,250 ಉಳಿಯುತ್ತಿತ್ತು, ಡಿವಿಡೆಂಡ್ ಬೇರೆ.

ಐಆರ್‌ಎ ಖಾತೆಯಿಂದ ಕೊಂಡರೆ ತೆರಿಗೆ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿಂದ ಕಲಾಕೃತಿ ಕೊಂಡರೆ, ಅಷ್ಟು ಹಣವನ್ನು ಖಾತೆಯಿಂದ ಹಿಂತೆಗೆದಂತೆಯೇ ಐಆರ್‌ಎಸ್ ಪರಿಗಣಿಸುತ್ತದೆ.

ಚಿತ್ರ ನಿಜಕ್ಕೂ ಇಷ್ಟವಾಗಿದ್ದರೆ ಕೊಳ್ಳಿ, ರಜೆಯ ಪ್ರವಾಸಕ್ಕೆ ಖರ್ಚು ಮಾಡಿದ ಹಾಗೆ. ಸಹಿ, ಸಂಖ್ಯೆ, ಮೊದಲ ಮಾರಾಟದ ರಸೀದಿ ನೋಡಿ. ಫ್ರೇಮಿಗೆ ಕೂರಿಸಲು ಅಂಚು ಕತ್ತರಿಸಿದ್ದರೆ ಬೆಲೆ ಬೀಳುತ್ತದೆ. ಕಿಟಕಿಯ ಬಿಸಿಲು ತಾಗುವ ಗೋಡೆಗಂತೂ ಹಾಕಬೇಡಿ, ಬಣ್ಣ ಮಾಸುತ್ತದೆ.